ಕ್ಲಿಫ್ ಬರ್ಟನ್

ಕ್ಲಿಫರ್ಡ್ ಲೀ ಬರ್ಟನ್ (ಜನನ: ಫೆಬ್ರವರಿ 10, 1962, ಮರಣ: ಸೆಪ್ಟೆಂಬರ್ 27, 1986) ಅಮೆರಿಕದ ಪ್ರಸಿದ್ಧ ಬಾಸ್ ಗಿಟಾರ್ ವಾದಕರು ಹಾಗೂ ಸಂಗೀತ ಸಂಯೋಜಕರು. ಹೆವಿ ಮೆಟಲ್ ಸಂಗೀತ ತಂಡವಾದ ಮೆಟಾಲಿಕಾದಲ್ಲಿ ಇವರು 1982ರ ಕೊನೆಯಿಂದ ತಮ್ಮ ಮರಣದವರೆಗೆ ವಾದಕರಾಗಿದ್ದರು. ಈ ತಂಡದ ಮೊದಲ ಮೂರು ಧ್ವನಿಮುದ್ರಿಕೆಗಳಲ್ಲಿ ಇವರ ವಾದನವಿದೆ. ತಾಳ ವಾದ್ಯದ ಜೊತೆಗೂಡಿ ಹಿನ್ನೆಲೆಯಲ್ಲಿ ನಿಲ್ಲುವುದೇ ಬಾಸ್ ಗಿಟಾರಿನ ಕೆಲಸವೆಂದು ಭಾವಿಸಲಾಗುತ್ತಿದ್ದ ಕಾಲದಲ್ಲಿ, ಅದನ್ನು ಮುಂಚೂಣಿಯ ಸ್ವರವಾದ್ಯವನ್ನಾಗಿ ನುಡಿಸಿದುದು ಇವರ ವಿಶೇಷತೆ. ಸ್ವೀಡನ್ ದೇಶದಲ್ಲಿ ನಡೆದ ಬಸ್ ಅಪಘಾತದಲ್ಲಿ ತಮ್ಮ 24ನೆಯ ವಯಸ್ಸಿನಲ್ಲಿ ಮರಣ ಹೊಂದಿದರು.

ಬರ್ಟನ್ ಅವರ ಜೀವನವು ಹೆವಿ ಮೆಟಲ್ ಅಭಿಮಾನಿಗಳ ಇತಿಹಾಸದೊಡನೆ ಬಿಡಿಸಲಾರದಂತೆ ಹೆಣೆದುಕೊಂಡಿದೆ. ಇವರ ತಂಡ ಜಗತ್ತಿಗೆ ಪರಿಚಯವಾದುದು ರೇಡಿಯೊ ಅಥವಾ ದೂರದರ್ಶನದ ಮೂಲಕವಲ್ಲ. ಅಭಿಮಾನಿಗಳು ಅಂಚೆಯ ಮೂಲಕ ಒಬ್ಬರಿಗೊಬ್ಬರು ಕಳುಹಿಸಿಕೊಳ್ಳುತ್ತಿದ್ದ ಕ್ಯಾಸೆಟ್‌ಗಳ ಮೂಲಕ. ಇವರ ಮರಣಾನಂತರ ಇವರ ವೇದಿಕೆಯ ಚಿತ್ರಗಳು ಉಳಿದುಬಂದುದರಲ್ಲಿಯೂ ಅಭಿಮಾನಿಗಳ ಪಾಲು ದೊಡ್ಡದು.

ಜನನ ಮತ್ತು ಬಾಲ್ಯ

ಬರ್ಟನ್ ಅವರು ಕ್ಯಾಲಿಫೋರ್ನಿಯಾ ರಾಜ್ಯದ ಕ್ಯಾಸ್ಟ್ರೊ ವ್ಯಾಲಿಯಲ್ಲಿ ಜನಿಸಿದರು. ಇದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವದಿಕ್ಕಿಗೆ, ಅಲಮೀಡಾ ಜಿಲ್ಲೆಯಲ್ಲಿದೆ. ತಂದೆ ರೇ ಬರ್ಟನ್, ತಾಯಿ ಜಾನ್ ಬರ್ಟನ್. ಅಣ್ಣ ಸ್ಕಾಟ್ ಮತ್ತು ಅಕ್ಕ ಕಾನಿ ಇವರ ಒಡಹುಟ್ಟಿದವರು. ಮನೆಯಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವಾತಾವರಣವಿತ್ತು. ತಂದೆಯ ಪ್ರೋತ್ಸಾಹದಿಂದ ಬಾಲಕ ಬರ್ಟನ್ ಚಿಕ್ಕ ವಯಸ್ಸಿನಲ್ಲಿಯೇ ಪಿಯಾನೊ ಕಲಿಯಲು ಆರಂಭಿಸಿದರು. ಸ್ವರಲಿಪಿಯನ್ನು ಓದುವ ಅಭ್ಯಾಸ ಅಲ್ಲಿಂದಲೇ ಬಂದಿತು.

1975ರಲ್ಲಿ ಅಣ್ಣ ಸ್ಕಾಟ್ ಮೆದುಳಿನ ರಕ್ತನಾಳದ ತೊಂದರೆಯಿಂದ ತೀರಿಕೊಂಡರು. ಆಗ ಬರ್ಟನ್ ಅವರಿಗೆ 13 ವರ್ಷ. ಈ ಸಾವು ಅವರ ಜೀವನದ ದಿಕ್ಕನ್ನು ಬದಲಿಸಿತು. ಅಣ್ಣನ ನೆನಪಿಗಾಗಿ ಶ್ರೇಷ್ಠ ಬಾಸ್ ವಾದಕನಾಗಬೇಕೆಂಬ ಸಂಕಲ್ಪವನ್ನು ಮಾಡಿ, ಆ ವಾದ್ಯವನ್ನು ಗಂಭೀರವಾಗಿ ಕೈಗೆತ್ತಿಕೊಂಡರು. ದಿನಕ್ಕೆ ಆರು ಗಂಟೆಗಳವರೆಗೂ ಸಾಧನೆ ಮಾಡುತ್ತಿದ್ದರೆಂದು ಮನೆಯವರು ತಿಳಿಸಿದ್ದಾರೆ. ಮೆಟಾಲಿಕಾ ಸೇರಿ ಹೆಸರು ಗಳಿಸಿದ ನಂತರವೂ ಈ ನಿತ್ಯ ಸಾಧನೆಯನ್ನು ಅವರು ಬಿಡಲಿಲ್ಲ.

ಶಿಕ್ಷಣ ಮತ್ತು ಆರಂಭದ ತಂಡಗಳು

ಬರ್ಟನ್ ಕ್ಯಾಸ್ಟ್ರೊ ವ್ಯಾಲಿ ಪ್ರೌಢಶಾಲೆಯಲ್ಲಿ ಓದಿದರು. ವಿದ್ಯಾರ್ಥಿಯಾಗಿದ್ದಾಗಲೇ 'ಈಜಿ ಸ್ಟ್ರೀಟ್' ಎಂಬ ತಂಡದಲ್ಲಿ ನುಡಿಸುತ್ತಿದ್ದರು. ಗಿಟಾರ್ ವಾದಕ ಜಿಮ್ ಮಾರ್ಟಿನ್ ಮತ್ತು ಡ್ರಮ್ಸ್ ವಾದಕ ಮೈಕ್ ಬಾರ್ಡಿನ್ ಆ ತಂಡದಲ್ಲಿ ಅವರ ಸಂಗಡಿಗರು. ಮುಂದೆ ಇವರಿಬ್ಬರೂ 'ಫೇತ್ ನೋ ಮೋರ್' ತಂಡದ ಮೂಲಕ ಪ್ರಸಿದ್ಧರಾದರು. ಪ್ರೌಢಶಾಲೆಯ ನಂತರ ಬರ್ಟನ್ ಹೇವರ್ಡ್ ಪಟ್ಟಣದ ಚಾಬೊ ಕಾಲೇಜಿಗೆ ಸೇರಿದರು. ಅಲ್ಲಿ ಮಾರ್ಟಿನ್ ಜೊತೆಗೂಡಿ 'ಏಜೆಂಟ್ಸ್ ಆಫ್ ಮಿಸ್‌ಫಾರ್ಚೂನ್' ಎಂಬ ತಂಡವನ್ನು ಕಟ್ಟಿದರು. 1981ರಲ್ಲಿ ಹೇವರ್ಡ್‌ನಲ್ಲಿ ನಡೆದ ತಂಡಗಳ ಸ್ಪರ್ಧೆಯಲ್ಲಿ ಈ ತಂಡ ಭಾಗವಹಿಸಿತು. ಆ ದಿನದ ದೃಶ್ಯಮುದ್ರಣ ಇಂದಿಗೂ ಉಳಿದಿದೆ. ಮುಂದೆ ಮೆಟಾಲಿಕಾದ ಹಾಡುಗಳಲ್ಲಿ ಸೇರಿಕೊಂಡ ಕೆಲವು ಸ್ವರಗುಚ್ಛಗಳನ್ನು ಅವರು ಅಂದೇ ನುಡಿಸಿರುವುದು ಅದರಲ್ಲಿ ಕೇಳಿಬರುತ್ತದೆ.

ಸಂಗೀತವನ್ನೇ ವೃತ್ತಿಯಾಗಿ ಸ್ವೀಕರಿಸುವುದಾಗಿ ಬರ್ಟನ್ ಹೇಳಿದಾಗ ತಂದೆ ತಾಯಿಗಳು ವಿರೋಧಿಸಲಿಲ್ಲ. ಆದರೆ ಒಂದು ಷರತ್ತನ್ನು ವಿಧಿಸಿದರು. ನಾಲ್ಕು ವರ್ಷಗಳ ಕಾಲ ಊಟ ವಸತಿಯ ಖರ್ಚನ್ನು ತಾವು ನೋಡಿಕೊಳ್ಳುವುದಾಗಿಯೂ, ಆ ಅವಧಿಯಲ್ಲಿ ಪ್ರಗತಿ ಕಾಣದಿದ್ದರೆ ಬೇರೆ ಉದ್ಯೋಗವನ್ನು ಹುಡುಕಿಕೊಳ್ಳಬೇಕೆಂದೂ ತಿಳಿಸಿದರು. ಆ ಗಡುವು ಮುಗಿಯುವುದರೊಳಗೆ ಬರ್ಟನ್ ಅವರ ಮೊದಲ ಧ್ವನಿಮುದ್ರಿಕೆ ಹೊರಬಂದಿತ್ತು.

1982ರಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದ 'ಟ್ರಾಮಾ' ಎಂಬ ತಂಡವನ್ನು ಸೇರಿದರು. ಈ ತಂಡದ ಒಂದು ಹಾಡು 'ಮೆಟಲ್ ಮ್ಯಾಸಕರ್' ಸಂಕಲನ ಮಾಲೆಯ ಎರಡನೆಯ ಭಾಗದಲ್ಲಿ ಸೇರ್ಪಡೆಯಾಯಿತು.

ಕ್ಯಾಸೆಟ್ ವಿನಿಮಯದ ಜಾಲ

ಬರ್ಟನ್ ಅವರ ಮುಂದಿನ ಜೀವನವನ್ನು ಅರಿಯಲು ಆ ಕಾಲದ ಹೆವಿ ಮೆಟಲ್ ಅಭಿಮಾನಿಗಳ ಪರಿಸ್ಥಿತಿಯನ್ನು ತಿಳಿಯುವುದು ಅಗತ್ಯ. 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಐರನ್ ಮೇಡನ್, ಡೈಮಂಡ್ ಹೆಡ್ ಮೊದಲಾದ ಹೊಸ ತಂಡಗಳು ಕಾಣಿಸಿಕೊಂಡವು. ಅಮೆರಿಕದ ರೇಡಿಯೊ ಕೇಂದ್ರಗಳು ಇವುಗಳಲ್ಲಿ ಹೆಚ್ಚಿನವನ್ನು ಪ್ರಸಾರ ಮಾಡುತ್ತಿರಲಿಲ್ಲ. ಸಾಮಾನ್ಯ ಅಂಗಡಿಗಳಲ್ಲಿ ಇವುಗಳ ತಟ್ಟೆಗಳು ಸಿಗುತ್ತಿರಲಿಲ್ಲ. ಆದುದರಿಂದ ಅಭಿಮಾನಿಗಳು ತಾವೇ ಒಂದು ವ್ಯವಸ್ಥೆಯನ್ನು ರೂಪಿಸಿಕೊಂಡರು.

ಆಮದು ತಟ್ಟೆಯೊಂದನ್ನು ಕೊಂಡವನು ಅದನ್ನು ಖಾಲಿ ಕ್ಯಾಸೆಟ್ಟಿಗೆ ನಕಲು ಮಾಡಿ, ಬೇರೆ ಊರಿನ ಅಥವಾ ಬೇರೆ ದೇಶದ ಅಭಿಮಾನಿಗೆ ಅಂಚೆಯಲ್ಲಿ ಕಳುಹಿಸುತ್ತಿದ್ದನು. ಅದಕ್ಕೆ ಪ್ರತಿಯಾಗಿ ತನ್ನಲ್ಲಿಲ್ಲದ ಇನ್ನೊಂದನ್ನು ಪಡೆಯುತ್ತಿದ್ದನು. ಪ್ರತಿಯೊಬ್ಬನೂ ತನ್ನ ಬಳಿಯಿರುವ ಕ್ಯಾಸೆಟ್‌ಗಳ ಪಟ್ಟಿಯನ್ನು ಕೈಯಿಂದ ಬರೆದು ಇಟ್ಟುಕೊಂಡಿರುತ್ತಿದ್ದನು. ಅಭಿಮಾನಿಗಳೇ ಬರೆದು ನಕಲು ಯಂತ್ರದಲ್ಲಿ ಅಚ್ಚುಮಾಡುತ್ತಿದ್ದ ಕಿರುಪತ್ರಿಕೆಗಳಲ್ಲಿ ವಿನಿಮಯಕ್ಕೆ ಸಿದ್ಧರಿರುವವರ ವಿಳಾಸಗಳು ಪ್ರಕಟವಾಗುತ್ತಿದ್ದವು. ನಕಲಿನಿಂದ ನಕಲು ತೆಗೆದಂತೆಲ್ಲ ಹಿನ್ನೆಲೆಯ ಸುಯ್ಯೆನ್ನುವ ಸದ್ದು ಹೆಚ್ಚುತ್ತಿತ್ತು, ಸಂಗೀತ ಮಸುಕಾಗುತ್ತಿತ್ತು. ಆದುದರಿಂದ ಮೂಲಕ್ಕೆ ಹತ್ತಿರವಾದ ಪ್ರತಿಯನ್ನು ಹೊಂದಿರುವುದು ಹೆಮ್ಮೆಯ ಸಂಗತಿಯಾಗಿತ್ತು. ಈ ವಿನಿಮಯದಲ್ಲಿ ಹಣದ ಲಾಭಕ್ಕಿಂತ ಹೊಸ ತಂಡವೊಂದನ್ನು ಇತರರಿಗಿಂತ ಮೊದಲು ಕಂಡುಹಿಡಿದ ಸಂತೋಷವೇ ಮುಖ್ಯವಾಗಿತ್ತು. ಕರ್ನಾಟಕದಲ್ಲಿಯೂ ಯಕ್ಷಗಾನ, ತಾಳಮದ್ದಳೆಗಳ ಕ್ಯಾಸೆಟ್‌ಗಳು ಆಸಕ್ತರ ನಡುವೆ ಕೈಯಿಂದ ಕೈಗೆ ಸಾಗುತ್ತಿದ್ದುದನ್ನು ಇದಕ್ಕೆ ಹೋಲಿಸಬಹುದು.

ಮೆಟಾಲಿಕಾ ತಂಡವನ್ನು 1981ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಲಾರ್ಸ್ ಉಲ್ರಿಚ್ ಮತ್ತು ಜೇಮ್ಸ್ ಹೆಟ್‌ಫೀಲ್ಡ್ ಸ್ಥಾಪಿಸಿದರು. ಡೆನ್ಮಾರ್ಕ್‌ನಲ್ಲಿ ಹುಟ್ಟಿದ ಉಲ್ರಿಚ್ ಸ್ವತಃ ಇಂತಹ ಸಂಗ್ರಾಹಕ ಅಭಿಮಾನಿ. 1981ರ ಬೇಸಿಗೆಯಲ್ಲಿ ಡೈಮಂಡ್ ಹೆಡ್ ತಂಡದ ಕಚೇರಿ ಕೇಳುವುದಕ್ಕಾಗಿಯೇ ಅವರು ಇಂಗ್ಲೆಂಡಿಗೆ ಹೋಗಿದ್ದರು. 'ಮೆಟಲ್ ಮ್ಯಾಸಕರ್' ಸಂಕಲನವನ್ನು ಹೊರತಂದ ಬ್ರಯಾನ್ ಸ್ಲೇಗೆಲ್ ಕೂಡ ಅಭಿಮಾನಿಯಾಗಿಯೇ ಈ ಕ್ಷೇತ್ರಕ್ಕೆ ಬಂದವರು, ಕಿರುಪತ್ರಿಕೆಯೊಂದನ್ನು ನಡೆಸುತ್ತಿದ್ದವರು. ಮೆಟಾಲಿಕಾದ ಮೊದಲ ಹಾಡು 1982ರಲ್ಲಿ ಆ ಸಂಕಲನದ ಮೊದಲ ಭಾಗದಲ್ಲಿ ಪ್ರಕಟವಾಯಿತು. ಅದೇ ವರ್ಷ ಜುಲೈ ತಿಂಗಳಲ್ಲಿ ತಂಡವು ಏಳು ಹಾಡುಗಳನ್ನು ಮುದ್ರಿಸಿ ಒಂದು ಮಾದರಿ ಕ್ಯಾಸೆಟ್ಟನ್ನು ಸಿದ್ಧಪಡಿಸಿತು. 'ನೋ ಲೈಫ್ ಟಿಲ್ ಲೆದರ್' ಎಂಬ ಈ ಕ್ಯಾಸೆಟ್ ವಿನಿಮಯದ ಜಾಲದಲ್ಲಿ ಬಹುಬೇಗ ಹರಡಿತು. ಸೆಪ್ಟೆಂಬರ್‌ನಲ್ಲಿ ತಂಡವು ಮೊದಲ ಬಾರಿಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಚೇರಿ ನೀಡಿದಾಗ, ಒಂದೂ ಧ್ವನಿಮುದ್ರಿಕೆ ಮಾರಾಟಕ್ಕೆ ಬಾರದಿದ್ದರೂ ಸಭಿಕರಿಗೆ ಹಾಡುಗಳ ಪರಿಚಯವಿತ್ತು.

ಮೆಟಾಲಿಕಾ ಸೇರ್ಪಡೆ

ಆಗ ಮೆಟಾಲಿಕಾದ ಬಾಸ್ ವಾದಕರಾಗಿದ್ದವರು ರಾನ್ ಮೆಕ್‌ಗೋವ್ನಿ. 1982ರಲ್ಲಿ ಟ್ರಾಮಾ ತಂಡವು ಲಾಸ್ ಏಂಜಲೀಸ್‌ನ 'ವಿಸ್ಕಿ ಎ ಗೊ ಗೊ' ಸಭಾಂಗಣದಲ್ಲಿ ನುಡಿಸಿತು. ಸ್ಲೇಗೆಲ್ ಅವರ ಸೂಚನೆಯಂತೆ ಹೆಟ್‌ಫೀಲ್ಡ್ ಮತ್ತು ಉಲ್ರಿಚ್ ಅದನ್ನು ಕೇಳಲು ಹೋಗಿದ್ದರು. ವೇದಿಕೆಯಿಂದ ಬಂದ ಏಕವಾದನವನ್ನು ಕೇಳಿ, ನುಡಿಸುತ್ತಿರುವ ಗಿಟಾರ್ ವಾದಕ ಯಾರೆಂದು ಹುಡುಕಿದಾಗ, ಅದು ಬಾಸ್ ಗಿಟಾರ್ ಎಂದು ತಿಳಿದು ಅವರಿಬ್ಬರೂ ಬೆರಗಾದರು. ಕೂಡಲೇ ಬರ್ಟನ್ ಅವರನ್ನು ತಮ್ಮ ತಂಡಕ್ಕೆ ಆಹ್ವಾನಿಸಿದರು.

ಬರ್ಟನ್ ಆಹ್ವಾನವನ್ನು ಒಡನೆಯೇ ಒಪ್ಪಲಿಲ್ಲ. ಟ್ರಾಮಾ ತಂಡ ಜನಪ್ರಿಯತೆಗಾಗಿ ತನ್ನ ಶೈಲಿಯನ್ನು ಸರಳಗೊಳಿಸುತ್ತಿದೆ ಎಂಬ ಅಸಮಾಧಾನ ಅವರಲ್ಲಿ ಮೂಡಿದ ಮೇಲೆ ಒಪ್ಪಿದರು. ಆದರೆ ತಾವು ಲಾಸ್ ಏಂಜಲೀಸ್‌ಗೆ ಬರುವುದಿಲ್ಲವೆಂದೂ, ತಂಡವೇ ತಮ್ಮ ಊರಿನ ಕಡೆಗೆ ಬರಬೇಕೆಂದೂ ಷರತ್ತು ಹಾಕಿದರು. ಒಬ್ಬ ವಾದಕನಿಗಾಗಿ ಇಡೀ ತಂಡ 1983ರ ಆರಂಭದಲ್ಲಿ ಸುಮಾರು 600 ಕಿಲೋಮೀಟರ್ ದೂರದ ಎಲ್ ಸೆರಿಟೊ ಪಟ್ಟಣಕ್ಕೆ ವಾಸ್ತವ್ಯವನ್ನು ಬದಲಿಸಿತು. ಮಾರ್ಚ್ 5, 1983ರಂದು ಸ್ಯಾನ್ ಫ್ರಾನ್ಸಿಸ್ಕೊದ 'ದ ಸ್ಟೋನ್' ಸಭಾಂಗಣದಲ್ಲಿ ಬರ್ಟನ್ ಮೊದಲ ಬಾರಿಗೆ ಮೆಟಾಲಿಕಾದೊಡನೆ ನುಡಿಸಿದರು.

ಈ ನಡುವೆ ತಂಡದ ಮಾದರಿ ಕ್ಯಾಸೆಟ್ ನ್ಯೂಜೆರ್ಸಿಯ ಸಂತೆ ಮಾರುಕಟ್ಟೆಯೊಂದರಲ್ಲಿ ಧ್ವನಿಮುದ್ರಿಕೆಗಳ ಅಂಗಡಿ ನಡೆಸುತ್ತಿದ್ದ ಜಾನ್ ಝಜುಲಾ ಅವರ ಕೈಸೇರಿತು. ಅವರು ತಂಡವನ್ನು ಪೂರ್ವ ಕರಾವಳಿಗೆ ಕರೆಸಿಕೊಂಡರು. ಬಾಡಿಗೆ ಲಾರಿಯಲ್ಲಿ ಖಂಡದ ಒಂದು ತುದಿಯಿಂದ ಮತ್ತೊಂದು ತುದಿಗೆ ಪ್ರಯಾಣ ನಡೆಯಿತು. ಅಲ್ಲಿ ತಲುಪಿದ ಮೇಲೆ ಗಿಟಾರ್ ವಾದಕ ಡೇವ್ ಮಸ್ಟೇನ್ ಅವರನ್ನು ತಂಡದಿಂದ ಕೈಬಿಡಲಾಯಿತು. ಅವರ ಸ್ಥಾನಕ್ಕೆ 'ಎಕ್ಸೋಡಸ್' ತಂಡದ ಕರ್ಕ್ ಹ್ಯಾಮೆಟ್ ಬಂದರು. ಮಸ್ಟೇನ್ ಮುಂದೆ 'ಮೆಗಾಡೆತ್' ತಂಡವನ್ನು ಸ್ಥಾಪಿಸಿದರು. ಯಾವ ಕಂಪನಿಯೂ ಮುಂದೆ ಬಾರದಿದ್ದಾಗ ಝಜುಲಾ ದಂಪತಿಗಳು ತಾವೇ 'ಮೆಗಾಫೋರ್ಸ್' ಎಂಬ ಸಂಸ್ಥೆಯನ್ನು ಹುಟ್ಟುಹಾಕಿ ತಂಡದ ಮೊದಲ ಧ್ವನಿಮುದ್ರಿಕೆಯನ್ನು ಹೊರತಂದರು. ಹೀಗೆ ಅಭಿಮಾನಿಯೊಬ್ಬನ ಕೈಯಿಂದ ಮತ್ತೊಬ್ಬನ ಕೈಗೆ ಸಾಗಿದ ಕ್ಯಾಸೆಟ್ಟೇ ತಂಡಕ್ಕೆ ಪ್ರಕಾಶಕರನ್ನು ದೊರಕಿಸಿಕೊಟ್ಟಿತು.

ಧ್ವನಿಮುದ್ರಿಕೆಗಳು

ಮೊದಲ ಧ್ವನಿಮುದ್ರಿಕೆಯಾದ 'ಕಿಲ್ ಎಮ್ ಆಲ್' ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿ ಮುದ್ರಣಗೊಂಡು ಜುಲೈ 25, 1983ರಂದು ಬಿಡುಗಡೆಯಾಯಿತು. ಇದರಲ್ಲಿನ 'ಅನೆಸ್ತೀಸಿಯಾ, ಪುಲಿಂಗ್ ಟೀತ್' ಎಂಬ ಕೃತಿ ಬರ್ಟನ್ ಅವರ ಏಕವಾದನ. ಮೊದಲ ಭಾಗದಲ್ಲಿ ಬಾಸ್ ಗಿಟಾರ್ ಒಂದೇ ನುಡಿಯುತ್ತದೆ. ಅನಂತರ ಡ್ರಮ್ಸ್ ಸೇರಿಕೊಳ್ಳುತ್ತದೆ. ಹೆವಿ ಮೆಟಲ್ ತಂಡವೊಂದರ ಚೊಚ್ಚಲ ಧ್ವನಿಮುದ್ರಿಕೆಯಲ್ಲಿ ಬಾಸ್ ವಾದಕನಿಗೆ ಇಷ್ಟು ಅವಕಾಶ ದೊರೆತುದು ಅಪರೂಪ.

ಎರಡನೆಯ ಧ್ವನಿಮುದ್ರಿಕೆ 'ರೈಡ್ ದ ಲೈಟ್ನಿಂಗ್' ಡೆನ್ಮಾರ್ಕ್‌ನ ಕೋಪನ್‌ಹೇಗನ್ ನಗರದಲ್ಲಿ, ಫ್ಲೆಮಿಂಗ್ ರಾಸ್ಮುಸೆನ್ ಅವರ ನೆರವಿನಿಂದ ಮುದ್ರಣಗೊಂಡಿತು. ಇದು 1984ರ ಜುಲೈ ತಿಂಗಳಲ್ಲಿ ಹೊರಬಂದಿತು. ಎಂಟು ಕೃತಿಗಳಲ್ಲಿ ಆರಕ್ಕೆ ಬರ್ಟನ್ ಅವರ ಹೆಸರು ಸಂಯೋಜಕರ ಪಟ್ಟಿಯಲ್ಲಿದೆ. ಅರ್ನೆಸ್ಟ್ ಹೆಮಿಂಗ್ವೇ ಅವರ ಕಾದಂಬರಿಯ ಹೆಸರನ್ನು ಹೊತ್ತ 'ಫಾರ್ ಹೂಮ್ ದ ಬೆಲ್ ಟೋಲ್ಸ್' ಹಾಡಿನ ಆರಂಭದಲ್ಲಿ ಕೇಳಿಬರುವ ತೀಕ್ಷ್ಣ ಸ್ವರಗಳನ್ನು ಬಹುಮಂದಿ ಗಿಟಾರಿನದೆಂದು ತಿಳಿಯುತ್ತಾರೆ. ಅದು ಬರ್ಟನ್ ಅವರ ಬಾಸ್. 'ದ ಕಾಲ್ ಆಫ್ ಕ್ತುಲು' ಎಂಬ ವಾದ್ಯಕೃತಿಗೆ ಲೇಖಕ ಎಚ್. ಪಿ. ಲವ್‌ಕ್ರಾಫ್ಟ್ ಅವರ ಕಥೆ ಪ್ರೇರಣೆ. ಈ ಲೇಖಕನನ್ನು ತಂಡದವರಿಗೆ ಪರಿಚಯಿಸಿದವರು ಬರ್ಟನ್.

1984ರ ಕೊನೆಯ ಭಾಗದಲ್ಲಿ ತಂಡವು 'ಎಲೆಕ್ಟ್ರಾ' ಎಂಬ ದೊಡ್ಡ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. ಮೂರನೆಯ ಧ್ವನಿಮುದ್ರಿಕೆ 'ಮಾಸ್ಟರ್ ಆಫ್ ಪಪೆಟ್ಸ್' ಮಾರ್ಚ್ 3, 1986ರಂದು ಬಿಡುಗಡೆಯಾಯಿತು. ಇದರ 'ಓರಾಯನ್' ಎಂಬ ಎಂಟು ನಿಮಿಷಗಳಿಗೂ ಮೀರಿದ ವಾದ್ಯಕೃತಿಯನ್ನು ಬರ್ಟನ್ ಅವರ ಮೇರುಕೃತಿಯೆಂದು ಪರಿಗಣಿಸಲಾಗಿದೆ. ರಭಸದಿಂದ ಸಾಗುವ ಈ ಕೃತಿ ನಡುವೆ ನಿಧಾನವಾಗಿ, ಬಾಸ್ ಗಿಟಾರಿನ ಶಾಂತವಾದ ಸ್ವರಸಂಚಾರಕ್ಕೆ ಎಡೆಮಾಡಿಕೊಡುತ್ತದೆ. ರೇಡಿಯೊ ಪ್ರಸಾರದ ಬೆಂಬಲವಾಗಲಿ, ಪ್ರಚಾರದ ವಿಡಿಯೊ ಆಗಲಿ ಇಲ್ಲದೆ ಈ ಧ್ವನಿಮುದ್ರಿಕೆ ಅಮೆರಿಕದ ಮಾರಾಟ ಪಟ್ಟಿಯಲ್ಲಿ 29ನೆಯ ಸ್ಥಾನವನ್ನು ತಲುಪಿತು.

ವಾದನ ಶೈಲಿ

ಬಾಸ್ ಗಿಟಾರಿನಲ್ಲಿ ಸಾಮಾನ್ಯವಾಗಿ ನಾಲ್ಕು ದಪ್ಪ ತಂತಿಗಳಿರುತ್ತವೆ. ಗಿಟಾರಿಗಿಂತ ಕೆಳಗಿನ ಸ್ಥಾಯಿಯಲ್ಲಿ ನುಡಿಯುವ ಈ ವಾದ್ಯ ಲಯಕ್ಕೂ ಸ್ವರಕ್ಕೂ ಸೇತುವೆಯಂತಿರುತ್ತದೆ. ಹೆವಿ ಮೆಟಲ್‌ನಲ್ಲಿ ಅನೇಕರು ಪ್ಲಾಸ್ಟಿಕ್ ಮೀಟುಗದಿಂದ ನುಡಿಸಿದರೆ, ಬರ್ಟನ್ ಎಷ್ಟೇ ವೇಗದ ಹಾಡಾದರೂ ಬೆರಳುಗಳಿಂದಲೇ ಮೀಟುತ್ತಿದ್ದರು. ಧ್ವನಿಯನ್ನು ಒರಟಾಗಿಸುವ ಹಾಗೂ ಅಲೆಯಂತೆ ಏರಿಳಿಸುವ ಕಾಲ್ಮಣೆ ಉಪಕರಣಗಳನ್ನು ಗಿಟಾರ್ ವಾದಕರಂತೆಯೇ ಅವರೂ ಧಾರಾಳವಾಗಿ ಬಳಸಿದರು. ಆರಂಭದಲ್ಲಿ ರಿಕೆನ್‌ಬ್ಯಾಕರ್, ನಂತರ ಆರಿಯಾ ಕಂಪನಿಯ ವಾದ್ಯಗಳನ್ನು ನುಡಿಸಿದರು.

ಸಂಗೀತಶಾಸ್ತ್ರದ ಕ್ರಮಬದ್ಧ ಜ್ಞಾನ ತಂಡದಲ್ಲಿ ಹೆಚ್ಚಾಗಿ ಬರ್ಟನ್ ಅವರಿಗಿತ್ತು. ಬಾಖ್ ಅವರ ಕೃತಿಗಳನ್ನು ಅವರು ಅಭ್ಯಾಸ ಮಾಡಿದ್ದರು. ಎರಡು ಸ್ವರಗತಿಗಳು ಏಕಕಾಲದಲ್ಲಿ ಒಂದಕ್ಕೊಂದು ಪೂರಕವಾಗಿ ಸಾಗುವ ಕ್ರಮವನ್ನು ಹೆಟ್‌ಫೀಲ್ಡ್ ಅವರಿಂದಲೇ ಕಲಿತರು. ಮೊದಲ ಧ್ವನಿಮುದ್ರಿಕೆಗೂ ನಂತರದ ಎರಡಕ್ಕೂ ನಡುವೆ ಕಂಡುಬರುವ ಬೆಳವಣಿಗೆಗೆ ಇದು ಮುಖ್ಯ ಕಾರಣವೆಂದು ವಿಮರ್ಶಕರು ಅಭಿಪ್ರಾಯಪಟ್ಟಿದ್ದಾರೆ. ಬ್ಲ್ಯಾಕ್ ಸಬ್ಬಾತ್ ತಂಡದ ಗೀಜರ್ ಬಟ್ಲರ್, ರಷ್ ತಂಡದ ಗೆಡಿ ಲೀ, ಜ್ಯಾಝ್ ವಾದಕ ಸ್ಟ್ಯಾನ್ಲಿ ಕ್ಲಾರ್ಕ್ ಮೊದಲಾದವರ ಪ್ರಭಾವ ಇವರ ಮೇಲಿತ್ತು.

ಪಂಕ್ ಸಂಗೀತದೊಡನೆ ನಂಟು

1980ರ ದಶಕದ ಆರಂಭದಲ್ಲಿ ಹೆವಿ ಮೆಟಲ್ ಮತ್ತು ಪಂಕ್ ಅಭಿಮಾನಿಗಳು ಪರಸ್ಪರ ದೂರವಿದ್ದರು. ದೀರ್ಘ ಕೃತಿಗಳು, ವಾದನ ಕೌಶಲ ಮತ್ತು ಉದ್ದಗೂದಲು ಮೆಟಲ್‌ನವರ ಗುರುತಾದರೆ, ಎರಡು ಮೂರು ನಿಮಿಷಗಳ ಸರಳ ಹಾಡುಗಳು, ವೇಗ ಮತ್ತು ಪ್ರತಿಭಟನೆಯ ದನಿ ಪಂಕ್‌ನವರ ಗುರುತು. ಒಂದೇ ಸಭಾಂಗಣದಲ್ಲಿ ಇಬ್ಬರೂ ಸೇರಿದರೆ ಜಗಳವಾಗುವುದೂ ಇತ್ತು. ಪಂಕ್‌ನ ವೇಗವನ್ನೂ ಮೆಟಲ್‌ನ ಕೌಶಲವನ್ನೂ ಬೆಸೆದು ಹುಟ್ಟಿದ ಪ್ರಕಾರವೇ 'ಥ್ರ್ಯಾಶ್ ಮೆಟಲ್'. ಬರ್ಕ್ಲಿಯ 'ರೂಥೀಸ್ ಇನ್' ಎಂಬ ಸಣ್ಣ ಸಭಾಂಗಣದಲ್ಲಿ ಎರಡೂ ಬಗೆಯ ತಂಡಗಳು ನುಡಿಸುತ್ತಿದ್ದುದರಿಂದ ಅಭಿಮಾನಿಗಳು ಕ್ರಮೇಣ ಹತ್ತಿರವಾದರು.

ಈ ಬೆಸುಗೆಯಲ್ಲಿ ಬರ್ಟನ್ ಅವರ ಪಾತ್ರ ಗಮನಾರ್ಹ. ನ್ಯೂಜೆರ್ಸಿಯ ಪಂಕ್ ತಂಡವಾದ 'ಮಿಸ್‌ಫಿಟ್ಸ್' ಅವರಿಗೆ ಅಚ್ಚುಮೆಚ್ಚಿನದಾಗಿತ್ತು. ಪ್ರಯಾಣದ ವಾಹನದಲ್ಲಿ ಆ ತಂಡದ ಕ್ಯಾಸೆಟ್ಟನ್ನು ಮತ್ತೆ ಮತ್ತೆ ಹಾಕಿ ಸಂಗಡಿಗರಿಗೂ ಅದರ ರುಚಿ ಹತ್ತಿಸಿದರು. ಆ ತಂಡದ ತಲೆಬುರುಡೆಯ ಲಾಂಛನವನ್ನು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದರು. ಬರ್ಟನ್ ವೇದಿಕೆಯ ಮೇಲೆ ಧರಿಸುತ್ತಿದ್ದ ಮಿಸ್‌ಫಿಟ್ಸ್ ಅಂಗಿಯನ್ನು ಚಿತ್ರಗಳಲ್ಲಿ ನೋಡಿ, ಆ ತಂಡವನ್ನು ಹುಡುಕಿ ಕೇಳಿದ ಮೆಟಲ್ ಅಭಿಮಾನಿಗಳು ಅನೇಕರು. ಮಿಸ್‌ಫಿಟ್ಸ್ 1983ರಲ್ಲಿಯೇ ಒಡೆದುಹೋಗಿದ್ದರೂ ಅದರ ಹಾಡುಗಳು ಹೊಸ ಕೇಳುಗರನ್ನು ಪಡೆದವು. 1987ರಲ್ಲಿ ಮೆಟಾಲಿಕಾ ಹೊರತಂದ ಕಿರು ಧ್ವನಿಮುದ್ರಿಕೆಯಲ್ಲಿ ಮಿಸ್‌ಫಿಟ್ಸ್‌ನ ಎರಡು ಹಾಡುಗಳು ಸೇರಿವೆ.

ಮರಣ

1986ರ ವಸಂತ ಮತ್ತು ಬೇಸಿಗೆಯಲ್ಲಿ ಮೆಟಾಲಿಕಾ ಅಮೆರಿಕದಲ್ಲಿ ಆಜಿ ಆಸ್ಬರ್ನ್ ಅವರ ಕಚೇರಿಗಳಿಗೆ ಮೊದಲು ನುಡಿಸುವ ತಂಡವಾಗಿ ಪ್ರವಾಸ ಮಾಡಿತು. ಸೆಪ್ಟೆಂಬರ್‌ನಲ್ಲಿ ಯೂರೋಪಿನ ಪ್ರವಾಸ ಆರಂಭವಾಯಿತು. ಸೆಪ್ಟೆಂಬರ್ 26ರಂದು ಸ್ವೀಡನ್ನಿನ ಸ್ಟಾಕ್‌ಹೋಮ್ ಬಳಿಯ ಸೊಲ್ನಾದಲ್ಲಿ ನಡೆದ ಕಚೇರಿ ಬರ್ಟನ್ ಅವರ ಕೊನೆಯ ಕಚೇರಿ. ಅಂದು ರಾತ್ರಿ ತಂಡವು ಬಸ್ಸಿನಲ್ಲಿ ಕೋಪನ್‌ಹೇಗನ್ ಕಡೆಗೆ ಹೊರಟಿತು. ಮಲಗುವ ಸ್ಥಳಗಳು ಅನುಕೂಲವಾಗಿಲ್ಲದ ಕಾರಣ ಇಸ್ಪೀಟು ಎಲೆ ಎತ್ತಿ ಸ್ಥಳವನ್ನು ನಿರ್ಧರಿಸಿದರು. ಇಸ್ಪೀಟಿನ ಎಕ್ಕವನ್ನು ಎತ್ತಿದ ಬರ್ಟನ್, ಹ್ಯಾಮೆಟ್ ಮಲಗುತ್ತಿದ್ದ ಕಿಟಕಿ ಬದಿಯ ಸ್ಥಳವನ್ನು ಆರಿಸಿಕೊಂಡರು.

ಸೆಪ್ಟೆಂಬರ್ 27ರ ಬೆಳಗಿನ ಜಾವ ಯುಂಗ್‌ಬಿ ಪ್ರಾಂತದ ಡೊರಾರ್ಪ್ ಗ್ರಾಮದ ಬಳಿ ಬಸ್ಸು ರಸ್ತೆಯಿಂದ ಜಾರಿ ಮಗುಚಿಬಿದ್ದಿತು. ಕಿಟಕಿಯಿಂದ ಹೊರಕ್ಕೆ ಎಸೆಯಲ್ಪಟ್ಟ ಬರ್ಟನ್ ಬಸ್ಸಿನ ಅಡಿಯಲ್ಲಿ ಸಿಲುಕಿ ಮರಣ ಹೊಂದಿದರು. ತಂಡದ ಉಳಿದ ಮೂವರು ಬದುಕುಳಿದರು. ರಸ್ತೆಯ ಮೇಲಿನ ಮಂಜುಗಡ್ಡೆಯಿಂದ ಬಸ್ಸು ಜಾರಿತೆಂದು ಚಾಲಕನು ಹೇಳಿದನು. ಹೆಟ್‌ಫೀಲ್ಡ್ ರಸ್ತೆಯುದ್ದಕ್ಕೂ ನಡೆದು ನೋಡಿದರೂ ಅವರಿಗೆ ಮಂಜುಗಡ್ಡೆ ಕಾಣಲಿಲ್ಲ. ತನಿಖೆಯ ನಂತರ ಯಾರ ಮೇಲೂ ಆರೋಪ ಹೊರಿಸಲಾಗಲಿಲ್ಲ.

ಅಕ್ಟೋಬರ್ 7ರಂದು ಕ್ಯಾಸ್ಟ್ರೊ ವ್ಯಾಲಿಯಲ್ಲಿ ಅಂತಿಮ ಸಂಸ್ಕಾರ ನಡೆಯಿತು. ಆ ಸಂದರ್ಭದಲ್ಲಿ 'ಓರಾಯನ್' ಕೃತಿಯನ್ನು ಕೇಳಿಸಲಾಯಿತು. ಚಿತಾಭಸ್ಮವನ್ನು ಅವರು ಗೆಳೆಯರೊಡನೆ ಕಾಲ ಕಳೆಯುತ್ತಿದ್ದ ಮ್ಯಾಕ್ಸ್‌ವೆಲ್ ರಾಂಚ್ ಎಂಬ ಹುಲ್ಲುಗಾವಲಿನಲ್ಲಿ ಚೆಲ್ಲಲಾಯಿತು. ಮರಣದ ಸುಮಾರು ಐದು ವಾರಗಳ ನಂತರ 'ಮಾಸ್ಟರ್ ಆಫ್ ಪಪೆಟ್ಸ್' ಐದು ಲಕ್ಷ ಪ್ರತಿಗಳ ಮಾರಾಟಕ್ಕೆ ನೀಡುವ ಚಿನ್ನದ ಮಾನ್ಯತೆಯನ್ನು ಪಡೆಯಿತು. ತಂಡಕ್ಕೆ ದೊರೆತ ಈ ಮೊದಲ ಮಾನ್ಯತೆಯನ್ನು ಕಾಣಲು ಬರ್ಟನ್ ಇರಲಿಲ್ಲ.

ಮರಣಾನಂತರದ ಕೃತಿಗಳು

ಬರ್ಟನ್ ಅವರ ಸ್ಥಾನಕ್ಕೆ 'ಫ್ಲಾಟ್ಸಮ್ ಆ್ಯಂಡ್ ಜೆಟ್ಸಮ್' ತಂಡದ ಜೇಸನ್ ನ್ಯೂಸ್ಟೆಡ್ ಬಂದರು. 1988ರ ಧ್ವನಿಮುದ್ರಿಕೆಯಲ್ಲಿನ 'ಟು ಲಿವ್ ಈಸ್ ಟು ಡೈ' ಎಂಬ ಕೃತಿಯನ್ನು ಬರ್ಟನ್ ಬಿಟ್ಟುಹೋಗಿದ್ದ ಸ್ವರಗುಚ್ಛಗಳನ್ನು ಬಳಸಿ ರೂಪಿಸಲಾಯಿತು. ತಂಡದಿಂದ ಹೊರಬಿದ್ದಿದ್ದ ಮಸ್ಟೇನ್ ಕೂಡ ಬರ್ಟನ್ ಅವರ ಸಾವಿನ ಸುದ್ದಿ ಕೇಳಿದ ದುಃಖದಲ್ಲಿ ಮೆಗಾಡೆತ್‌ನ ಒಂದು ಹಾಡಿಗೆ ಸಂಗೀತ ರಚಿಸಿದರು.

1987ರಲ್ಲಿ ಮೆಟಾಲಿಕಾ 'ಕ್ಲಿಫ್ ಎಮ್ ಆಲ್' ಎಂಬ ವಿಡಿಯೊ ಕ್ಯಾಸೆಟ್ಟನ್ನು ಹೊರತಂದಿತು. ಬರ್ಟನ್ ಇದ್ದ ಮೂರೂವರೆ ವರ್ಷಗಳಲ್ಲಿ ತಂಡಕ್ಕೆ ತನ್ನ ಕಚೇರಿಗಳನ್ನು ವ್ಯವಸ್ಥಿತವಾಗಿ ಚಿತ್ರೀಕರಿಸುವ ಅನುಕೂಲವಿರಲಿಲ್ಲ. ಆದುದರಿಂದ ಈ ವಿಡಿಯೊದ ಬಹುಭಾಗವನ್ನು ಅಭಿಮಾನಿಗಳು ಸಭಿಕರ ನಡುವೆ ನಿಂತು, ಅನುಮತಿಯಿಲ್ಲದೆ ಚಿತ್ರೀಕರಿಸಿಕೊಂಡಿದ್ದ ತುಣುಕುಗಳಿಂದಲೇ ಜೋಡಿಸಬೇಕಾಯಿತು. ಚಿತ್ರ ಅಲುಗಾಡುತ್ತದೆ, ಧ್ವನಿ ಒಡೆದಿದೆ, ಕೆಲವೆಡೆ ಮುಂದಿರುವವರ ತಲೆಗಳು ಅಡ್ಡಬರುತ್ತವೆ. ಆದರೂ ಬರ್ಟನ್ ವೇದಿಕೆಯ ಮೇಲೆ ನುಡಿಸುತ್ತಿದ್ದ ರೀತಿಯನ್ನು ತೋರಿಸುವ ಪ್ರಮುಖ ದಾಖಲೆ ಇದೇ. ನಿಯಮಕ್ಕೆ ಹೊರತಾಗಿ ಅಭಿಮಾನಿಗಳು ಮಾಡಿಕೊಂಡ ನಕಲುಗಳು ಒಬ್ಬ ಕಲಾವಿದನ ಸ್ಮೃತಿಯನ್ನು ಕಾಪಾಡಿದುದಕ್ಕೆ ಇದು ನಿದರ್ಶನ.

ಹಂಚಿಕೆಯ ವಿವಾದ

ಕ್ಯಾಸೆಟ್ ವಿನಿಮಯದಿಂದ ಬೆಳೆದ ತಂಡವೇ 2000ದ ಏಪ್ರಿಲ್ ತಿಂಗಳಲ್ಲಿ 'ನ್ಯಾಪ್‌ಸ್ಟರ್' ಎಂಬ ಅಂತರಜಾಲ ಸೇವೆಯ ವಿರುದ್ಧ ಮೊಕದ್ದಮೆ ಹೂಡಿತು. ಬಳಕೆದಾರರು ತಮ್ಮ ಗಣಕಯಂತ್ರಗಳಲ್ಲಿರುವ ಹಾಡುಗಳನ್ನು ಪರಸ್ಪರ ಹಂಚಿಕೊಳ್ಳಲು ಈ ಸೇವೆ ಅವಕಾಶ ನೀಡುತ್ತಿತ್ತು. ತಂಡದ ಹಾಡುಗಳನ್ನು ಹಂಚಿಕೊಂಡ ಮೂರು ಲಕ್ಷಕ್ಕೂ ಹೆಚ್ಚು ಬಳಕೆದಾರರ ಪಟ್ಟಿಯನ್ನು ಉಲ್ರಿಚ್ ಸ್ವತಃ ಒಪ್ಪಿಸಿದರು. ಇದರಿಂದ ಅನೇಕ ಹಳೆಯ ಅಭಿಮಾನಿಗಳು ನೊಂದುಕೊಂಡರು. ತಂಡವು ತನ್ನ ಮೂಲವನ್ನೇ ಮರೆಯಿತೆಂಬುದು ಅವರ ಆಕ್ಷೇಪ. ಹಂಚಿಕೆಯ ಪ್ರಮಾಣವೂ ಸ್ವರೂಪವೂ ಬದಲಾಗಿವೆ ಎಂಬುದು ತಂಡದ ಪರವಾದವರ ವಾದ. ಕ್ಯಾಸೆಟ್ಟಿನ ನಕಲು ನಿಧಾನವಾಗಿ, ವಿಳಾಸ ಬಲ್ಲ ಇಬ್ಬರ ನಡುವೆ ನಡೆಯುತ್ತಿತ್ತು, ಮತ್ತು ಪ್ರತಿ ಬಾರಿಯೂ ಮಸುಕಾಗುತ್ತಿತ್ತು. ಅಂತರಜಾಲದ ನಕಲಾದರೋ ಅಪರಿಚಿತರ ನಡುವೆ ಕ್ಷಣಮಾತ್ರದಲ್ಲಿ, ಮಸುಕಾಗದೆ ಎಷ್ಟು ಬಾರಿಯಾದರೂ ನಡೆಯುತ್ತಿತ್ತು. 2001ರಲ್ಲಿ ಎರಡೂ ಕಡೆಯವರು ರಾಜಿ ಮಾಡಿಕೊಂಡರು. ಬರ್ಟನ್ ಅವರ ಕಾಲದ ಅಭಿಮಾನಿ ಸಮುದಾಯದ ಕುರಿತಾದ ಚರ್ಚೆಗಳಲ್ಲಿ ಈ ವಿವಾದ ಇಂದಿಗೂ ಪ್ರಸ್ತಾಪವಾಗುತ್ತದೆ.

ಕರ್ನಾಟಕದಲ್ಲಿ

ಭಾರತದಲ್ಲಿ ಹೆವಿ ಮೆಟಲ್ ಸಂಗೀತದ ಪ್ರಮುಖ ಕೇಂದ್ರಗಳಲ್ಲಿ ಬೆಂಗಳೂರು ಒಂದು. ವಿದೇಶಿ ಧ್ವನಿಮುದ್ರಿಕೆಗಳು ಸುಲಭವಾಗಿ ದೊರೆಯದಿದ್ದ ದಿನಗಳಲ್ಲಿ ಇಲ್ಲಿಯ ಅಭಿಮಾನಿಗಳೂ ನಕಲು ಕ್ಯಾಸೆಟ್‌ಗಳನ್ನೇ ಅವಲಂಬಿಸಿದ್ದರು. 1998ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ 'ಕ್ರಿಪ್ಟೋಸ್' ತಂಡವು ಮುಂದೆ ಜರ್ಮನಿಯ ಪ್ರಸಿದ್ಧ ವಾಕೆನ್ ಉತ್ಸವದಲ್ಲಿ ನುಡಿಸುವಷ್ಟರ ಮಟ್ಟಿಗೆ ಬೆಳೆಯಿತು. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2008ರ ಮಾರ್ಚ್‌ನಲ್ಲಿ ಮೆಗಾಡೆತ್ ತಂಡಗಳು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಚೇರಿ ನೀಡಿದವು.

ಮೆಟಾಲಿಕಾ ಭಾರತದಲ್ಲಿ ಮೊದಲು ನುಡಿಸಿದುದು ಕೂಡ ಇದೇ ಮೈದಾನದಲ್ಲಿ, ಅಕ್ಟೋಬರ್ 30, 2011ರಂದು. ಅದಕ್ಕೆ ಎರಡು ದಿನ ಮೊದಲು ದೆಹಲಿ ಸಮೀಪದ ಗುರುಗ್ರಾಮದಲ್ಲಿ ನಡೆಯಬೇಕಾಗಿದ್ದ ಕಚೇರಿ ರದ್ದಾಗಿದ್ದುದರಿಂದ ಬೆಂಗಳೂರಿನ ಕಚೇರಿಗೆ ಹೆಚ್ಚಿನ ಮಹತ್ವ ಬಂದಿತು. ಬರ್ಟನ್ ತೀರಿಕೊಂಡು ಆಗ 25 ವರ್ಷಗಳು ಕಳೆದಿದ್ದವು. ಬಾಸ್ ಗಿಟಾರನ್ನು ರಾಬರ್ಟ್ ಟ್ರುಹಿಯೊ ನುಡಿಸಿದರು. 'ಮಾಸ್ಟರ್ ಆಫ್ ಪಪೆಟ್ಸ್' ಸೇರಿದಂತೆ ಬರ್ಟನ್ ಕಾಲದ ಹಾಡುಗಳೂ ಅಂದು ಕೇಳಿಬಂದವು. ಬರ್ಟನ್ ಅವರನ್ನು ಎಂದೂ ಕಣ್ಣಾರೆ ಕಾಣದ, ಅವರ ಮರಣಾನಂತರ ಹುಟ್ಟಿದ ತಲೆಮಾರಿನವರು ಆ ಹಾಡುಗಳಿಗೆ ದನಿಗೂಡಿಸಿದರು.

ಗೌರವ ಮತ್ತು ಸ್ಮಾರಕಗಳು

2006ರ ಅಕ್ಟೋಬರ್ 3ರಂದು ಡೊರಾರ್ಪ್ ಬಳಿ, ಅಪಘಾತ ನಡೆದ ಸ್ಥಳದ ಸಮೀಪ ಬರ್ಟನ್ ಅವರ ಸ್ಮಾರಕ ಶಿಲೆಯನ್ನು ಅನಾವರಣಗೊಳಿಸಲಾಯಿತು. ವಿವಿಧ ದೇಶಗಳ ಅಭಿಮಾನಿಗಳು ಇಲ್ಲಿಗೆ ಭೇಟಿ ನೀಡುತ್ತಾರೆ. ಏಪ್ರಿಲ್ 4, 2009ರಂದು ಮೆಟಾಲಿಕಾ ತಂಡವನ್ನು 'ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್' ಸಂಸ್ಥೆಯ ಗೌರವ ಪಟ್ಟಿಗೆ ಸೇರಿಸಿದಾಗ, ಮಗನ ಪರವಾಗಿ ರೇ ಬರ್ಟನ್ ವೇದಿಕೆಯೇರಿ ಗೌರವವನ್ನು ಸ್ವೀಕರಿಸಿದರು. ಅದೇ ವರ್ಷ ಜೋಯಲ್ ಮೆಕ್‌ಐವರ್ ಅವರು ಬರೆದ ಬರ್ಟನ್ ಜೀವನಚರಿತ್ರೆ ಪ್ರಕಟವಾಯಿತು. 2016ರಲ್ಲಿ 'ಮಾಸ್ಟರ್ ಆಫ್ ಪಪೆಟ್ಸ್' ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಧ್ವನಿಮುದ್ರಣ ಸಂಗ್ರಹಕ್ಕೆ ಆಯ್ಕೆಯಾದ ಮೊದಲ ಹೆವಿ ಮೆಟಲ್ ಧ್ವನಿಮುದ್ರಿಕೆ ಎನಿಸಿತು. ಅಲಮೀಡಾ ಜಿಲ್ಲಾಡಳಿತವು ಫೆಬ್ರವರಿ 10, 2018ನ್ನು ಕ್ಲಿಫ್ ಬರ್ಟನ್ ದಿನವೆಂದು ಘೋಷಿಸಿತು. 2019ರ ಸೆಪ್ಟೆಂಬರ್‌ನಲ್ಲಿ ಮೆಟಾಲಿಕಾ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿ ಸೇರಿ ನಡೆಸಿದ ಕಚೇರಿಯಲ್ಲಿ, ಸಿಂಫನಿಯ ಪ್ರಧಾನ ಬಾಸ್ ವಾದಕ ಸ್ಕಾಟ್ ಪಿಂಗೆಲ್ ಅವರು ಬರ್ಟನ್ ಅವರ ಏಕವಾದನ ಕೃತಿಯನ್ನು ನುಡಿಸಿ ಗೌರವ ಸಲ್ಲಿಸಿದರು.

ಮಗನ ಮರಣದ ನಂತರ ರೇ ಬರ್ಟನ್ ಅವರು ಮೆಟಾಲಿಕಾ ಅಭಿಮಾನಿಗಳೊಡನೆ ನಿಕಟ ಸಂಬಂಧವನ್ನು ಇರಿಸಿಕೊಂಡಿದ್ದರು. ವಯಸ್ಸಾದ ಮೇಲೂ ಕಚೇರಿಗಳಿಗೆ ಹೋಗಿ ಅಭಿಮಾನಿಗಳನ್ನು ಭೇಟಿಯಾಗುತ್ತಿದ್ದರು. ಮಗನ ಕೃತಿಗಳಿಂದ ಬರುವ ಗೌರವಧನವನ್ನು, ಮಗ ಓದಿದ ಕ್ಯಾಸ್ಟ್ರೊ ವ್ಯಾಲಿ ಪ್ರೌಢಶಾಲೆಯ ಸಂಗೀತ ವಿದ್ಯಾರ್ಥಿಗಳ ವಿದ್ಯಾರ್ಥಿವೇತನಕ್ಕೆ ನೀಡುತ್ತಿದ್ದರು. ಅವರು 2020ರ ಜನವರಿಯಲ್ಲಿ ತಮ್ಮ 94ನೆಯ ವಯಸ್ಸಿನಲ್ಲಿ ನಿಧನರಾದರು.